ಆಲ್ಬರ್ಟಸ್ ಮುಖಪುಟಕ್ಕೆ ಸರಿ, ಒಳಪುಟಕ್ಕೆ ಬೇಡ

ಇಂಗ್ಲಿಷ್ ಕವನ ಸಂಕಲನದ ಮುಖಪುಟಕ್ಕೆ ಆಲ್ಬರ್ಟಸ್ ಹಾಕಿದ್ದೀರಿ, ಒಳಗಿನ ಪದ್ಯಗಳಿಗೂ ಅದೇ ಫಾಂಟ್ ಸಾಕಾ ಅಂತ ಕೇಳಿದ್ದೀರಿ. ಬೇಡ.

ಬರ್ಟೋಲ್ಡ್ ವೋಲ್ಪೆ 1930ರ ದಶಕದಲ್ಲಿ ಮೊನೊಟೈಪ್ ಅನ್ನೋ ಅಚ್ಚಕ್ಷರದ ಕಂಪನಿಗೆ ಮಾಡಿಕೊಟ್ಟ ಫಾಂಟ್ ಇದು. ಕಂಚಿನ ಫಲಕದಲ್ಲಿ ಸುತ್ತಲಿನ ಲೋಹವನ್ನು ಕೆತ್ತಿ ತೆಗೆದು ಅವರು ಉಬ್ಬಕ್ಷರ ಮಾಡುತ್ತಿದ್ದರು. ಆ ಉಳಿಯ ಗುಣ ಇಲ್ಲೂ ಇದೆ. ತುದಿಗೆ ಬೇರೆ ಸೆರಿಫ್ (ಗೆರೆಯ ಕೊನೆಯಲ್ಲಿ ಬರುವ ಪುಟ್ಟ ಅಡ್ಡಗೆರೆ) ಅಂಟಿಸಿಲ್ಲ, ಗೆರೆಯೇ ಕೊನೆಗೆ ಬರುತ್ತಾ ಮೆಲ್ಲಗೆ ಅಗಲವಾಗುತ್ತದೆ. ಕ್ಯಾಪಿಟಲ್ 'ಎಂ' (M) ನೋಡಿ, ನಡುವಿನ ಗೆರೆಗಳು ಪೂರ್ತಿ ಕೆಳಗೆ ಇಳಿಯುವುದೇ ಇಲ್ಲ. ಇಂಥ ಚೆಂದವೆಲ್ಲ ದೊಡ್ಡ ಸೈಜಿನಲ್ಲಿ ಕಾಣುವುದು ಅಲ್ವಾ? ಸಿಟಿ ಆಫ್ ಲಂಡನ್‌ನ ಬೀದಿ ಫಲಕಗಳಲ್ಲಿ ಅದರ ಗತ್ತೇ ಬೇರೆ. 10 ಪಾಯಿಂಟಿಗೆ ಇಳಿಸಿದರೆ ಸುಮ್ನೆ ಮಸಿ ಹರಡಿದ ಹಾಗೆ ಕಾಣುತ್ತದೆ.

ಪದ್ಯಗಳಿಗೆ ಬೆಂಬೊ ಥರದ, ಪುಸ್ತಕದ ಒಳಪುಟಕ್ಕೆ ಒಗ್ಗುವ ಫಾಂಟ್ ಹಾಕಿ. ಪದ್ಯದ ಹೆಸರುಗಳಿಗೆ ಬೇಕಿದ್ದರೆ ಆಲ್ಬರ್ಟಸ್ ಇರಲಿ, ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಕೊಡಿ.