ಘಾಟಿ ರಸ್ತೆಗೆ ಅಗಲದ ಟೈರ್ ಬೇಕಾ?

ಸ್ವಿಫ್ಟ್‌ಗೆ ಎರಡೇ ಟೈರ್ ಹಾಕಿಸಲಾ, ನಾಲ್ಕೂನಾ, ಅಗಲದ್ದು ಹಾಕಿದರೆ ಸಂಪಾಜೆ ಘಾಟಿಯಲ್ಲಿ ಹಿಡಿತ ಜಾಸ್ತಿ ಸಿಗುತ್ತಾ ಅಂತ ಕೇಳಿದ್ದೀರಿ.

ಅಗಲದ್ದು ಬೇಡ. ರಸ್ತೆಯಲ್ಲಿ ನೀರು ನಿಂತಿದ್ದರೆ ಅಗಲದ ಟೈರ್ ಬೇಗ ತೇಲುತ್ತದೆ. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರುವ ಸ್ಟಿಕ್ಕರ್‌ನಲ್ಲಿರುವ ಅಳತೆಯನ್ನೇ ತಗೊಳ್ಳಿ. ಮಡಿಕೇರಿ ಮಳೆಗೆ ಟ್ರೆಡ್ ಆಳ, ಅಂದರೆ ಟೈರಿನ ಮೇಲಿನ ಗೀರುಗಳ ಆಳ, ಮುಖ್ಯ. ಕಾನೂನಿಗೆ 1.6 ಮಿ.ಮೀ. ಸಾಕು. ಆದರೆ ಜೂನ್ ಹೊತ್ತಿಗೆ 3 ಮಿ.ಮೀ.ಗಿಂತ ಕಮ್ಮಿ ಇದ್ದರೆ ನಾನಂತೂ ಬದಲಿಸಿಬಿಡುತ್ತೇನೆ.

ಹಳೆಯ ಎರಡರಲ್ಲಿ ಇನ್ನೂ ಟ್ರೆಡ್ ಚೆನ್ನಾಗಿದ್ದರೆ ಎರಡೇ ಸಾಕು. ಹೊಸದನ್ನು ಹಿಂದಕ್ಕೆ ಹಾಕಿಸಿ. ಎಂಜಿನ್ ತಿರುಗಿಸೋದು ಮುಂದಿನ ಚಕ್ರ ಅಲ್ವಾ, ಮುಂದಕ್ಕೇ ಹಾಕೋಣ ಅಂತ ಅಂಗಡಿಯಲ್ಲಿ ಹೇಳಬಹುದು, ಒಪ್ಪಬೇಡಿ. ಮುಂದಿನದು ಜಾರಿದರೆ ಆಕ್ಸಿಲರೇಟರ್ ಬಿಟ್ಟಾಗ ಸಾಮಾನ್ಯವಾಗಿ ಹಿಡಿತ ಮತ್ತೆ ಸಿಗುತ್ತದೆ. ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ, ಪಕ್ಕದಲ್ಲಿ ಕಣಿವೆ.

ಕಾಫಿ ತೋಟದ ದಾರಿಗೆ ಅಂತ ದಪ್ಪ ಬಟನ್ ಟೈರ್ ನೋಡುತ್ತಿದ್ದರೆ ಸುಮ್ನೆ ಬಿಡಿ, ಅದು ಜೀಪಿಗಿರಲಿ. ಟಾರು ರಸ್ತೆಯಲ್ಲಿ ಬರೀ ಸದ್ದು, ಮೈಲೇಜೂ ಇಳಿಯುತ್ತದೆ.

ದುಡ್ಡು ಕೊಡುವ ಮುಂಚೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ಓದಿ. 1425 ಅಂದರೆ 2025ರ 14ನೇ ವಾರ ತಯಾರಾದದ್ದು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಅವತ್ತೇ ಮಾಡಿಸಿ.