ಬಿಸಿಯಾದ ಮೇಲೆ ಸ್ಟಾರ್ಟ್ ಆಗದ, ಏರಿನಲ್ಲಿ ಎಳೆಯದ ಸ್ಕೂಟರ್: ಬೋರ್ ಕಿಟ್ ಹಾಕಿಸಬೇಕಾ?

ನೀವು ಬರೆದಿರುವುದು ಇಷ್ಟು. 2016ರ 110 ಸಿಸಿ ಕಾರ್ಬೊರೇಟರ್ ಸ್ಕೂಟರ್, ಓಡಾಟ ಮಡಿಕೇರಿಯಲ್ಲಿ. ಬೆಳಿಗ್ಗೆ ಚೋಕ್ ಎಳೆದು ಒಂದಷ್ಟು ಕಿಕ್ ಹೊಡೆದ ಮೇಲೆ ಹೇಗೋ ಸ್ಟಾರ್ಟ್ ಆಗುತ್ತದೆ, ಆದರೆ ಪೇಟೆಗೆ ಹೋಗಿ ಅಂಗಡಿ ಮುಂದೆ ಐದು ನಿಮಿಷ ನಿಲ್ಲಿಸಿದರೆ ಮತ್ತೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ, ಇಬ್ಬರು ಕೂತರೆ ಏರಿನಲ್ಲಿ 25 ದಾಟುವುದಿಲ್ಲ. ಪ್ಲಗ್ ಹೊಸದು, ಕಾರ್ಬೊರೇಟರ್ ಎರಡು ಸಲ ಕ್ಲೀನ್ ಆಗಿದೆ, ಈಗ ಮೆಕ್ಯಾನಿಕ್ "ಬೋರ್ ಹೋಗಿದೆ, ಕಿಟ್ ಹಾಕಬೇಕು" ಅಂದಿದ್ದಾರೆ. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಕಿಟ್ ಅಂದರೆ ಹೊಸ ಸಿಲಿಂಡರ್, ಪಿಸ್ಟನ್, ರಿಂಗ್.

ಈಗಲೇ ಬೇಡ. ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಕಡ್ಡಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು, ಅಳೆಸಿ.

ನಾನು ಸುಳ್ಯ ಕಡೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಘಟ್ಟದ ಮೇಲಿನ ಗಾಡಿಗಳೂ ಬರುತ್ತವೆ. ಬಿಸಿ ಇದ್ದಾಗ ಸ್ಟಾರ್ಟ್ ಆಗುವುದಿಲ್ಲ, ಜೊತೆಗೆ ಏರಿನಲ್ಲಿ ದಮ್ ಇಲ್ಲ, ಈ ಎರಡೂ ಒಟ್ಟಿಗೆ ಬಂದರೆ ನನಗೆ ಮೊದಲು ಅನುಮಾನ ಬರುವುದು ಎಕ್ಸಾಸ್ಟ್ ವಾಲ್ವ್, ಅಂದರೆ ಹೊಗೆ ಹೊರಗೆ ಬಿಡುವ ವಾಲ್ವ್ ಮೇಲೆ. ಕಾರಣ ಸರಳ. ಗಾಡಿ ಓಡಿದ ಹಾಗೆ ವಾಲ್ವ್ ಕೂರುವ ಜಾಗ, ಅಂದರೆ ಸೀಟ್, ಸ್ವಲ್ಪ ಸ್ವಲ್ಪ ಸವೆಯುತ್ತದೆ. ವಾಲ್ವ್ ಎಂಜಿನ್ನಿನ ಮೇಲ್ಭಾಗದ (ಹೆಡ್) ಒಳಗೆ ಇನ್ನಷ್ಟು ಇಳಿದು ಕೂರುತ್ತದೆ, ಅದರ ಕಡ್ಡಿ ಮೇಲೆ ಬರುತ್ತದೆ, ಕಡ್ಡಿಗೂ ರಾಕರ್‌ಗೂ ನಡುವೆ ಇರಬೇಕಾದ ಸಂದು ಕಡಿಮೆಯಾಗುತ್ತಾ ಹೋಗುತ್ತದೆ. ಆ ಸಂದು ಮೊದಲೇ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೋ ಎರಡೋ ಭಾಗ ಅಷ್ಟೇ. ಎಂಜಿನ್ ತಣ್ಣಗಿದ್ದಾಗ ಹೇಗೋ ನಡೆಯುತ್ತದೆ, ಬಿಸಿಯಾದಾಗ ಕಡ್ಡಿ ಹಿಗ್ಗಿ ಸಂದು ಪೂರ್ತಿ ಮಾಯ. ಆಗ ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕೂರದ ಹಾಗೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಪಿಸ್ಟನ್ ಒತ್ತಿದ ಗಾಳಿ ಸೈಲೆನ್ಸರ್ ಕಡೆಗೆ ಸೋರಿ ಹೋಗುತ್ತದೆ, ಅಂದರೆ ಕಂಪ್ರೆಷನ್ ನಿಲ್ಲುವುದಿಲ್ಲ. ಓಡುವಾಗ ಪಿಕಪ್ ಇಲ್ಲ, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಇಲ್ಲ, ಅರ್ಧ ಗಂಟೆ ತಣ್ಣಗಾದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ನಿಮ್ಮದೂ ಹೀಗೇ ಅಲ್ವಾ?

ತಮಾಷೆ ಅಂದರೆ, ಈ ತೊಂದರೆ ಇರುವ ಎಂಜಿನ್ ಸದ್ದು ಮಾಡುವುದಿಲ್ಲ. ಟಕ ಟಕ ಅಂತ ಟ್ಯಾಪೆಟ್ ಸದ್ದು ಬಂದರೆ ಎಲ್ಲರೂ ಓಡಿ ಬರುತ್ತಾರೆ, ಅದು ಸಂದು ಜಾಸ್ತಿ ಆಗಿದ್ದಕ್ಕೆ ಬರುವ ಸದ್ದು, ಅದರಿಂದ ಅಷ್ಟು ಬೇಗ ಏನೂ ಕೆಡುವುದಿಲ್ಲ. ಸಂದು ಕಡಿಮೆಯಾದ ಎಂಜಿನ್ ಮೆತ್ತಗೆ ಓಡುತ್ತದೆ, "ಎಂಜಿನ್ ಎಷ್ಟು ಸ್ಮೂತ್ ಇದೆ" ಅಂತ ಹೊಗಳಿಸಿಕೊಳ್ಳುತ್ತಾ ಒಳಗೆ ವಾಲ್ವ್ ಸುಟ್ಟುಕೊಳ್ಳುತ್ತಿರುತ್ತದೆ.

ಅಳೆಯುವುದು ರಾತ್ರಿಯಿಡೀ ನಿಂತ ತಣ್ಣನೆ ಎಂಜಿನ್‌ನಲ್ಲಿ. ಟ್ಯಾಪೆಟ್ ಕವರ್ ಬಿಚ್ಚಿ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಪೂರ್ತಿ ಮೇಲೆ ಬರುವ ಹಾಗೆ ಮಾರ್ಕ್ ಹೊಂದಿಸಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಪಟ್ಟಿ) ಹಾಕಿ ನೋಡಬೇಕು. ಎಷ್ಟು ಇರಬೇಕು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ನಿಮ್ಮ ಗಾಡಿಯ ಪುಸ್ತಕ ಅಥವಾ ಸರ್ವಿಸ್ ಮ್ಯಾನುಯಲ್ ನೋಡಿಯೇ ಹಾಕಿಸಿ. ಬೆರಳಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವವರ ಹತ್ತಿರ ಈ ಕೆಲಸ ಬೇಡ. ಪಾರ್ಟ್ಸ್ ಖರ್ಚು ಅಂದರೆ ಹೆಚ್ಚೆಂದರೆ ಕವರ್‌ನ ರಬ್ಬರ್ ಅಷ್ಟೇ.

ಅದಕ್ಕೂ ಮೊದಲು ನೀವೇ ಮನೆಯಲ್ಲಿ ಮಾಡಬಹುದಾದ ಒಂದೆರಡು ಕೆಲಸ ಇದೆ. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇಟ್ಟು, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಆರಾಮಾಗಿ ತಿರುಗಬೇಕು. ಕೊಡಗಿನ ಮಳೆಗೆ ಬ್ರೇಕ್ ಕೇಬಲ್ ತುಕ್ಕು ಹಿಡಿದು ಡ್ರಮ್ ಒಳಗೆ ಶೂ ಅಂಟಿಕೊಂಡೇ ಇರುವುದು ಹೊಸದೇನಲ್ಲ, ಅಂಥ ಗಾಡಿಗೆ ಎಂಜಿನ್ ಹೊಸದು ಹಾಕಿದರೂ ಏರು ಹತ್ತುವುದಿಲ್ಲ. ಒಂದು ರೌಂಡ್ ಹೋಗಿ ಬಂದು ಹಬ್ ಹತ್ತಿರ ಕೈ ಹಿಡಿದರೂ ಗೊತ್ತಾಗುತ್ತದೆ, ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ.

ಆಮೇಲೆ ಏರಿನಲ್ಲಿ ಎಂಜಿನ್ ಸದ್ದು ಕೇಳಿ. ಎಂಜಿನ್ ಜೋರಾಗಿ ಕಿರುಚುತ್ತಿದೆ, ಸ್ಪೀಡ್ ಮಾತ್ರ ಬರುತ್ತಿಲ್ಲ ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಬೆಲ್ಟ್, ರೋಲರ್, ಕ್ಲಚ್ ಶೂ ನೋಡಬೇಕು. ಎಂಜಿನ್ನೇ ಉಸಿರು ಕಟ್ಟಿ ಮೆತ್ತಗಾಗುತ್ತಿದೆ ಅಂದರೆ ಗಾಳಿ, ಪೆಟ್ರೋಲ್, ಕಂಪ್ರೆಷನ್ ಇವುಗಳಲ್ಲಿ ಒಂದು. ನಿಮ್ಮ ಗಾಡಿಗೆ ಸ್ಟಾರ್ಟಿಂಗ್ ತೊಂದರೆಯೂ ಇದೆ, ಬೆಲ್ಟ್‌ಗೂ ಸ್ಟಾರ್ಟಿಂಗ್‌ಗೂ ಸಂಬಂಧ ಇಲ್ಲ. ಹಾಗಾಗಿ ಯಾರಾದರೂ ಬೆಲ್ಟ್ ಸೆಟ್ ಬದಲಿಸಿ ಅಂದರೆ ಸ್ವಲ್ಪ ತಡೆಯಿರಿ.

ಪ್ಲಗ್ ಹೊಸದು ಅಂದಿರಿ, ಒಳ್ಳೆಯದು, ಅದನ್ನೇ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಚೋಕ್ ಕೇಬಲ್ ಪೂರ್ತಿ ವಾಪಸ್ ಬರದೆ ಇರಬಹುದು. ಎಣ್ಣೆ ಹಚ್ಚಿದ ಪೇಪರ್ ಫಿಲ್ಟರ್ ಆದರೆ ಗಾಳಿ ಹೊಡೆಸಿ ಕ್ಲೀನ್ ಮಾಡುವುದೆಲ್ಲ ಸುಮ್ನೆ, ಬದಲಿಸಲೇಬೇಕು. ಫಿಲ್ಟರ್ ಬಾಕ್ಸ್‌ನಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ಆಯಿಲ್ ಬದಲಿಸುವಾಗ ಅಳತೆ ಮೀರಿ ಸುರಿದಿರಬಹುದು. ಪ್ಲಗ್ ತೀರಾ ಬೆಳ್ಳಗಿದ್ದರೆ ಉಲ್ಟಾ, ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಒಂದು ಮಾತು, ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಅದೇ ಸ್ಕೂಟರ್ ಮಂಗಳೂರಿನಲ್ಲಿ ಎಳೆಯುವುದಕ್ಕಿಂತ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ ಕಡಿಮೆಯೇ ಎಳೆಯುತ್ತದೆ. ಆದರೆ 25ಕ್ಕೆ ನಿಲ್ಲುವುದಕ್ಕೆ ಎತ್ತರ ಕಾರಣ ಅಲ್ಲ.

ಬೆಳಗಿನ ತೊಂದರೆ ಬೇರೆಯದೇ ಇರಬಹುದು. ಸೀಟಿನ ಕೆಳಗೆ ಟ್ಯಾಂಕ್ ಇರುವ ಹಲವು ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಕಾಕ್ ವ್ಯಾಕ್ಯೂಮ್‌ನಿಂದ ತೆರೆಯುತ್ತದೆ, ಎಂಜಿನ್ ತಿರುಗಿ ಗಾಳಿ ಎಳೆದಾಗ ಮಾತ್ರ ಪೆಟ್ರೋಲ್ ಇಳಿಯುತ್ತದೆ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಒಣಗಿದ್ದರೆ ಮೊದಲ ಕೆಲವು ಕಿಕ್ ಬೌಲ್ ತುಂಬುವುದಕ್ಕೇ ಖರ್ಚು. ಕಾಕ್ ಒಳಗಿನ ಡಯಾಫ್ರಮ್ (ತೆಳು ರಬ್ಬರ್ ಪರದೆ) ಹರಿದಿದ್ದರೆ ಇನ್ನೂ ಕಷ್ಟ. ಅದರ ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿ ನೋಡಿ, ಒಳಗೆ ಪೆಟ್ರೋಲ್ ಹಸಿ ಇದ್ದರೆ ಡಯಾಫ್ರಮ್ ಹೋಗಿದೆ, ಪೆಟ್ರೋಲ್ ಕಾರ್ಬೊರೇಟರ್ ದಾಟಿ ನೇರ ಎಂಜಿನ್‌ಗೆ ಹೋಗುತ್ತಿದೆ. ಇದರಿಂದಲೂ ಬಿಸಿ ಇದ್ದಾಗ ಸ್ಟಾರ್ಟ್ ಆಗುವುದಿಲ್ಲ, ಮೈಲೇಜ್ ಕೂಡ ಬೀಳುತ್ತದೆ. ಬೌಲ್‌ನ ಡ್ರೈನ್ ಸ್ಕ್ರೂ ಬಿಟ್ಟು ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ನೋಡುವುದೂ ಒಳ್ಳೆಯದು (ತಣ್ಣನೆ ಎಂಜಿನ್‌ನಲ್ಲಿ, ಹತ್ತಿರ ಬೀಡಿ ಸಿಗರೇಟ್ ಇಲ್ಲದೆ). ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಎಥನಾಲ್ ನೀರನ್ನು ಹೀರುತ್ತದೆ, ಈಗ ಪೆಟ್ರೋಲ್‌ನಲ್ಲಿ ಶೇಕಡಾ 20 ಅದೇ ಇದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಗಾಡಿಗೆ ಇದು ಜಾಸ್ತಿ.

ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದ್ದರೂ ಗಾಡಿ ಸ್ವಲ್ಪ ದೂರ ಓಡಿ ಉಸಿರುಗಟ್ಟುತ್ತದೆ. ನಿಂತಾಗ ಮುಚ್ಚಳ ತೆರೆದು ಮುಚ್ಚಿ ನೋಡಿ, ತಕ್ಷಣ ಸರಿಯಾದರೆ ಅದೇ. ನಮ್ಮ ಕಡೆ ಕಡಜ ಎಲ್ಲಿ ತೂತು ಕಂಡರೂ ಮಣ್ಣಿನ ಗೂಡು ಕಟ್ಟುತ್ತದೆ, ಸೈಲೆನ್ಸರ್ ಬಾಯಿಯನ್ನೂ ಬಿಡುವುದಿಲ್ಲ, ಅದನ್ನೂ ಒಮ್ಮೆ ಟಾರ್ಚ್ ಬಿಟ್ಟು ನೋಡಿಬಿಡಿ.

ಪೇಟೆಯಲ್ಲಿ ಬಿಸಿ ಗಾಡಿ ಸ್ಟಾರ್ಟ್ ಆಗದೆ ಕೈಕೊಟ್ಟಾಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಿರಿ. ಹಾಗೆ ಸ್ಟಾರ್ಟ್ ಆದರೆ ಪೆಟ್ರೋಲ್ ಓವರ್ ಆಗಿತ್ತು, ಕಾಕ್ ಮತ್ತು ಚೋಕ್ ಕಡೆ ಹೋಗಿ. ಆಗದಿದ್ದರೆ ಕಿಕ್ಕರ್ ಕಾಲಿಗೆ ಹೇಗೆ ಸಿಗುತ್ತದೆ ಗಮನಿಸಿ. ಬೆಳಿಗ್ಗೆಗಿಂತ ತುಂಬಾ ಸಡಿಲ ಇದ್ದರೆ ಕಂಪ್ರೆಷನ್ ಸೋರುತ್ತಿದೆ. ಗಟ್ಟಿ ಇದ್ದೂ ಸ್ಟಾರ್ಟ್ ಇಲ್ಲ ಅಂದರೆ ಆಗಲೇ ಸ್ಪಾರ್ಕ್ ನೋಡಬೇಕು. ಸ್ಪಾರ್ಕ್‌ಗೆ ಕರೆಂಟ್ ಕೊಡುವ ಕೆಲವು ಕಾಯಿಲ್ ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದಾಗ ಕೈಬಿಡುತ್ತವೆ, ಗ್ಯಾರೇಜ್‌ಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಸರಿಯಾಗಿರುತ್ತವೆ.

ಈಗ ಬೋರ್ ವಿಷಯ. ಅದು ಹೋಗಿರಲೂಬಹುದು, ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಆದರೆ ಅಳೆಯದೆ ಬಿಚ್ಚುವುದು ಬೇಡ. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ ಹೊಡೆದು ನೋಡಲಿ. ಆಮೇಲೆ ಅದೇ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ. ಆಯಿಲ್ ಬಿಟ್ಟ ಮೇಲೆ ಅಂಕೆ ಚೆನ್ನಾಗಿ ಏರಿದರೆ ರಿಂಗ್, ಬೋರ್ ಸವೆದಿದೆ, ಕಿಟ್ ಹಾಕಿಸಿ. ಕಂಪ್ರೆಷನ್ ಕಡಿಮೆ ಇದ್ದು ಆಯಿಲ್ ಬಿಟ್ಟರೂ ಏರದಿದ್ದರೆ ಸೋರುತ್ತಿರುವುದು ಹೆಚ್ಚಾಗಿ ವಾಲ್ವ್. ಬೋರ್ ಹೋದ ಗಾಡಿ ಸಾಮಾನ್ಯವಾಗಿ ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ. ನೀವು ಅದೆರಡರ ಬಗ್ಗೆ ಏನೂ ಬರೆದಿಲ್ಲ, ಡಿಪ್‌ಸ್ಟಿಕ್ ಎಳೆದು ನೋಡಿ ಹೇಳಿ.

ಟ್ಯಾಪೆಟ್ ಸರಿ ಮಾಡಿದ ಮೇಲೂ ಕಂಪ್ರೆಷನ್ ಬರಲಿಲ್ಲ ಅಂದರೆ ವಾಲ್ವ್ ಆಗಲೇ ಸುಟ್ಟಿರಬಹುದು. ಆಗ ಹೆಡ್ ಇಳಿಸಿ ವಾಲ್ವ್, ಸೀಟ್ ಉಜ್ಜಿಸಬೇಕು ಅಥವಾ ವಾಲ್ವ್ ಬದಲಿಸಬೇಕು. ಹೆಡ್ ಇಳಿಸಿದಾಗ ಬೋರ್ ಗೋಡೆ ಹೇಗೂ ಕಣ್ಣಿಗೆ ಕಾಣುತ್ತದೆ, ಉದ್ದುದ್ದ ಗೀರು ಇದೆಯಾ ಅಂತ ನಿಮ್ಮ ಎದುರೇ ನೋಡಿಸಿ, ಕಿಟ್ ಬೇಕೋ ಬೇಡವೋ ಅಲ್ಲೇ ತೀರ್ಮಾನ ಮಾಡಿ.