ಪುಟಾಣಿ ಪುಸ್ತಕಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುತ್ತಜ್ಜನ ಪೆಟ್ಟಿಗೆಯಲ್ಲಿ ಬೆರಳ ತುದಿಯಷ್ಟಿರುವ ಕುರಾನ್ ಸಿಕ್ಕಿದೆ. ಲೋಹದ ಡಬ್ಬಿ, ಮುಚ್ಚಳದಲ್ಲಿ ಭೂತಗನ್ನಡಿ. ಮುನ್ನೂರು ವರ್ಷ ಹಳೆಯದಂತೆ, ನಿಜವೇ?
– ಎಂ. ಎಸ್., ಸಿಂಧನೂರು

ಮುನ್ನೂರು ವರ್ಷದ ಮಾತು ಬಿಡಿ. ಗ್ಲಾಸ್ಗೋದ ಡೇವಿಡ್ ಬ್ರೈಸ್ ಎಂಬ ಪ್ರಕಾಶಕರು 1900ರ ಆಸುಪಾಸಿನಲ್ಲಿ ಇಂಥದ್ದೇ ಡಬ್ಬಿಯ ಕುರಾನ್ ತಂದಿದ್ದರು. ಅಳೆದು ನೋಡಿ: ಎತ್ತರ ಸುಮಾರು 27 ಮಿ.ಮೀ., ಅಗಲ 19–20 ಇದ್ದರೆ ಅದೇ ಇರಬಹುದು. ದೊಡ್ಡ ಪ್ರತಿಯ ಫೋಟೊ ತೆಗೆದು, ಕುಗ್ಗಿಸಿ, ತೆಳುವಾದ ಇಂಡಿಯಾ ಪೇಪರಿನ ಮೇಲೆ ಅಚ್ಚು ಹಾಕಿದ್ದು; ಅಚ್ಚಿನ ಮೊಳೆ ಜೋಡಿಸಿದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಯ ಮುಸ್ಲಿಂ ಸೈನಿಕರು ಇದನ್ನು ತಾಯಿತದಂತೆ ಒಯ್ದರು. ನಿಮ್ಮದು ಆಗ ನಿಜಾಮರ ಸೀಮೆ, ಅವರ ಕುದುರೆ ಪಡೆ ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಪ್ಯಾಲೆಸ್ಟೈನಿನವರೆಗೆ ಹೋಗಿತ್ತು. ಹಾಗಂತ ಡಬ್ಬಿ ಸಿಕ್ಕ ಮಾತ್ರಕ್ಕೆ ಮುತ್ತಜ್ಜನನ್ನು ಸೈನಿಕ ಮಾಡಬೇಡಿ.

ನಂತರದ ಮರುಮುದ್ರಣವೋ ಎಂದು ತಿಳಿಯಲು ನೋಟು ಪರೀಕ್ಷಿಸುವ ನೇರಳಾತೀತ (ಯು.ವಿ.) ಬೆಳಕಿನ ಟಾರ್ಚ್ ಸಾಕು. ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟಾಗ ಹಾಳೆ ನೀಲಿಯಾಗಿ ಹೊಳೆದರೆ ಅದು ಹೆಚ್ಚುಕಡಿಮೆ 1950ರ ನಂತರದ ಕಾಗದ. ಬಿಳುಪು ಹೆಚ್ಚಿಸುವ ರಾಸಾಯನಿಕ ಬಂದದ್ದೇ ಆಮೇಲೆ. ಹೊಳೆಯದಿದ್ದರೆ ಹಳೆಯದೆಂದು ಖಾತ್ರಿಯಿಲ್ಲ, ಅಷ್ಟೇ. ಅಚ್ಚನ್ನು ಅಕ್ಕಸಾಲಿಗರು ಬಳಸುವ 10 ಪಟ್ಟಿನ ಲೂಪಿನಲ್ಲಿ ನೋಡಿ. ಡಬ್ಬಿಯ ಗಾಜು ಹೆಸರಿಗೆ ಮಾತ್ರ.

ಪುಸ್ತಕವನ್ನು 90 ಡಿಗ್ರಿ ಕೋನಕ್ಕಿಂತ ಹೆಚ್ಚು ಬಿಡಿಸಬೇಡಿ. ನಿಮ್ಮ ಕಡೆಯ ಬಿಸಿಲಿಗೆ ಬೆನ್ನಿನ ಅಂಟು ಒಣಗಿರುತ್ತದೆ, ಚಟ್ಟೆಂದು ಬಿರಿಯುತ್ತದೆ. ಡಬ್ಬಿಯ ತುಕ್ಕು ಹಾಳೆಗೆ ಹತ್ತುವುದರಿಂದ ಪುಸ್ತಕವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಆದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಡಿ. ಡಬ್ಬಿ ಕಳೆದರೆ ಬೆಲೆ ಇಳಿಯುತ್ತದೆ.

ಎಷ್ಟು ಚಿಕ್ಕದಿದ್ದರೆ ‘ಪುಟಾಣಿ’ ಎನ್ನುತ್ತಾರೆ? ಕೊಂಡ ಪುಸ್ತಕವೊಂದರಿಂದ ಪುಡಿ ಉದುರುತ್ತಿದೆ.
– ಆರ್. ಕೆ., ಬಳ್ಳಾರಿ

ಸಂಗ್ರಾಹಕರ ಸಾಮಾನ್ಯ ಅಳತೆ ಎತ್ತರ, ಅಗಲ, ದಪ್ಪ ಮೂರೂ 3 ಇಂಚು ಮೀರಬಾರದು ಎಂಬುದು. ಪುಡಿ ಎಂದರೆ ಒಳಗೆ ಹುಳು ಜೀವಂತ ಇರಬಹುದು, ಉಳಿದ ಪುಸ್ತಕಗಳಿಂದ ಇವತ್ತೇ ದೂರ ಮಾಡಿ. ಜಿಪ್ ಕವರಿನಲ್ಲಿಟ್ಟು ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂರುತ್ತದೆ, ಹುಳುವಿನ ಬದಲು ಬೂಷ್ಟು ಬರುತ್ತದೆ.

ಮನೆಯಲ್ಲಿ ಗೇಣುದ್ದವೂ ಇಲ್ಲದ ತಾಳೆಗರಿ ಕಟ್ಟಿದೆ. ಅಕ್ಷರ ಮಸುಕಾಗಿದೆ. ಕೊಬ್ಬರಿ ಎಣ್ಣೆ ಹಚ್ಚಲೇ? ವಿದೇಶದವರೊಬ್ಬರು ಕೇಳುತ್ತಿದ್ದಾರೆ.
– ಓದುಗರು, ಗಂಗಾವತಿ

ಕೊಬ್ಬರಿ ಎಣ್ಣೆ ಬೇಡ. ಕಮಟು ಹಿಡಿದು ಇರುವೆ, ಇಲಿಗಳನ್ನು ಕರೆಯುತ್ತದೆ. ಕಂಟದಿಂದ (ಚೂಪು ಮೊನೆಯ ಲೋಹದ ಕಡ್ಡಿ) ಕೊರೆದ ಅಕ್ಷರವಾದರೆ ಮಸಿ ತುಂಬಿಸಿ ಮತ್ತೆ ಎದ್ದುಕಾಣುವಂತೆ ಮಾಡಬಹುದು, ಅದನ್ನು ಹಸ್ತಪ್ರತಿ ಕೇಂದ್ರದವರ ಕೈಯಲ್ಲೇ ಮಾಡಿಸಿ. ಶಾಯಿಯಲ್ಲಿ ಬರೆದದ್ದಾದರೆ ಒರೆಸಲೂ ಬೇಡಿ, ಅಕ್ಷರವೇ ಹೋಗುತ್ತದೆ. ಇನ್ನು ಮಾರಾಟ: ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವುದು ಅಪರಾಧ, ಕೊರಿಯರಿನಲ್ಲಾದರೂ ಸರಿ.